ಮಂಗಳವಾರ ಹೋದ ದ್ವೇಷ

ಬುಧವಾರ ಬೆಳಿಗ್ಗೆ ಮೆರಾಬು ಎಂಬ ಹೆಂಗಸು ಕಬಾಲೆ ಪಟ್ಟಣದಾಚೆಯ ಬೆಟ್ಟದ ಠಾಣೆಗೆ ಬಂದು ದೂರು ಕೊಟ್ಟಳು. ಹಿಂದಿನ ದಿನ ಮಧ್ಯಾಹ್ನ ಅವಳು ಹೊಲದಲ್ಲಿದ್ದಾಗ ಯಾರೋ ಅವಳ ಹುಲ್ಲಿನ ಮನೆಗೆ ಬೆಂಕಿ ಇಟ್ಟಿದ್ದರು. ಇನ್‌ಸ್ಪೆಕ್ಟರ್ ತಿಬೆಸಿಗ್ವಾ ಎಫ್‌ಐಆರ್ ದಾಖಲಿಸಿ, ಮಹಿಳಾ ಕಾನ್‌ಸ್ಟೇಬಲ್ ಕೆಂಬಬಾಜಿಯೊಂದಿಗೆ ಹೋಗಿ ಪಂಚನಾಮೆ ಮಾಡಿದ. ಬೂದಿಯಲ್ಲಿ ಇನ್ನೂ ಸೀಮೆಎಣ್ಣೆಯ ವಾಸನೆ ಇತ್ತು.

“ಯಾರ ಮೇಲಾದ್ರೂ ಅನುಮಾನ?”

“ಮೈದುನ ಜಕಾರಿಯಾ. ಬದುವಿನ ಜಗಳದಲ್ಲಿ ‘ನಿನ್ನ ಮನೆ ಸುಡ್ತೀನಿ’ ಅಂದಿದ್ದ.”

ಜಕಾರಿಯಾ ಜೋಳದ ಬಿಯರ್ ಅಂಗಡಿಯಲ್ಲೇ ಸಿಕ್ಕ. “ಅಂದಿದ್ದು ಹೌದು ಸಾಹೇಬ್ರೆ. ಕುಡಿದಾಗ ಬಿಷಪ್ಪರನ್ನೂ ಸುಡ್ತೀನಿ ಅಂದಿದೀನಿ. ಅವರು ಚೆನ್ನಾಗೇ ಇದಾರಲ್ಲ?”

ಮಂಗಳವಾರ ಎಲ್ಲಿದ್ದೆ ಎಂದರೆ ಅವನಿಗೆ ನೆನಪಿಲ್ಲ. ಲಾಕಪ್ಪಿಗೆ ಹಾಕಿದರು. ಶುಕ್ರವಾರ ಬೆಳಿಗ್ಗೆ ಕೋರ್ಟಿಗೆ ಒಪ್ಪಿಸಬೇಕು. ಮನೆ ಸುಟ್ಟವನಿಗೆ ಜೀವಾವಧಿಯೂ ಆಗಬಹುದು. ಊರಿನ ಭಕ್ತರು ಇದು ಕರ್ತನ ತೀರ್ಪು ಎಂದರು. ಕರ್ತನಿಗೆ ಕೆಲಸವನ್ನೇ ಉಳಿಸದ ಜನ ಅವರು.

ಗುರುವಾರ ಸಾಕ್ಷಿ ಹುಡುಕಿಕೊಂಡು ತಿಬೆಸಿಗ್ವಾ ಕೆಂಬಬಾಜಿಯೊಂದಿಗೆ ಆ ಭಕ್ತರ ಕೂಟಕ್ಕೇ ಹೋದ. ತಾಯಿಯ ಜೊತೆ ಅಂಥ ಬೆಂಚುಗಳ ಮೇಲೆ ಬೆಳೆದವನು. ಅಲ್ಲಿ ಒಬ್ಬೊಬ್ಬರೇ ಎದ್ದು ತಮ್ಮ ಮನಸ್ಸಿನ ಪಾಪವನ್ನೂ ಅದು ತೊಲಗಿದ ದಿನವನ್ನೂ ಹೇಳಬೇಕು. ಉಳಿದವರು ಹಾಡಿ ತಬ್ಬಿಕೊಳ್ಳುತ್ತಾರೆ.

ಮೆರಾಬುವಿನ ನೆರೆಯವಳು ಡೋರಿಕಾ ಎದ್ದಳು. “ಮೆರಾಬು ಅಕ್ಕನ ಮೇಲೆ ನನ್ನೆದೇಲಿ ದ್ವೇಷ ಇತ್ತು. ಕರ್ತ ನೋಡ್ತಿದ್ದ. ಮಂಗಳವಾರ ಅದು ಪೂರ್ತಿ ಹೋಯ್ತು.”

ಎಲ್ಲರೂ ಹಾಡಿದರು. ಮೆರಾಬು ಅಳುತ್ತಾ ಅವಳನ್ನು ತಬ್ಬಿಕೊಂಡಳು. ಕೆಂಬಬಾಜಿ ಕೂಡ ಚಪ್ಪಾಳೆ ತಟ್ಟಿದಳು. ಇನ್‌ಸ್ಪೆಕ್ಟರ್ ತಟ್ಟಲಿಲ್ಲ.

ಕೂಟ ಮುಗಿದ ಮೇಲೆ ಡೋರಿಕಾಳನ್ನು ಮರದ ಕೆಳಗೆ ಕರೆದ.

“ದ್ವೇಷ ಎಷ್ಟು ಹೊತ್ತಿಗೆ ಹೋಯ್ತಕ್ಕಾ?”

“ಮಧ್ಯಾಹ್ನ.”

“ಬೆಂಕಿಗೆ ಮುಂಚೆನೋ, ಆಮೇಲೋ?”

ಡೋರಿಕಾ ಸುಳ್ಳು ಹೇಳಲು ಬಾಯಿ ತೆರೆದಳು. ಆಗಲಿಲ್ಲ.

“ಆಮೇಲೆ.”

“ಅದನ್ಯಾಕೆ ಒಳಗೆ ಹೇಳ್ಲಿಲ್ಲ?”

“ದೇವರು ನೋಡೋದು ಹೃದಯ ತಾನೆ? ಹೃದಯ ಒಪ್ಪಿಸಿದ್ನಲ್ಲ.”

“ಕೈ ಮಾಡಿದ್ದನ್ನ?”

“ಅದನ್ನ ಕೇಳೋಕೆ ನೀವಿದೀರಲ್ಲ.”

“ಜಕಾರಿಯಾ ಜೈಲಿಗೆ ಹೋಗ್ತಿದ್ದ.”

“ಅವನ ವಿಷಯ ಮುಂದಿನ ಗುರುವಾರ ಹೇಳೋಣ ಅಂತಿದ್ದೆ,” ಎಂದಳು ತಲೆ ತಗ್ಗಿಸಿ.

ಸೀಮೆಎಣ್ಣೆಯ ಬಾಟಲಿಯನ್ನು ತನ್ನ ಹಿತ್ತಲ ಗೆಣಸಿನ ಮಡಿಯಿಂದ ಅವಳೇ ತೆಗೆದುಕೊಟ್ಟಳು. ಪಂಚರ ಎದುರು ವಶಪಡಿಸಿಕೊಂಡು ಅವಳನ್ನು ಬಂಧಿಸಿದರು. ಸಂಜೆಗೇ ಬಿಡುಗಡೆಯಾದ ಜಕಾರಿಯಾ ನೆಟ್ಟಗೆ ಬಿಯರ್ ಅಂಗಡಿಗೆ ಹೋದ.

ಕಾರಣ ಡೋರಿಕಾ ಕೊಟ್ಟ ಹೇಳಿಕೆಯಲ್ಲಿದೆ. ಹಿಂದಿನ ತಿಂಗಳು ಇದೇ ಕೂಟದಲ್ಲಿ ಮೆರಾಬು ಎದ್ದು, ಡೋರಿಕಾಳ ಕಿರಿಮಗು ಗಂಡನದ್ದಲ್ಲವೆಂದು ತಿಳಿದಾಗಿನಿಂದ ಅವಳನ್ನು ಮನಸ್ಸಿನಲ್ಲೇ ಕೀಳಾಗಿ ಕಂಡೆ, ಆ ಪಾಪ ಕ್ಷಮಿಸಿ ಎಂದಿದ್ದಳು. ಎಲ್ಲರೂ ಹಾಡಿ ಮೆರಾಬುವನ್ನು ತಬ್ಬಿಕೊಂಡರು. ಡೋರಿಕಾಳ ಗಂಡ ಹಿಂದಿನ ಬೆಂಚಿನಲ್ಲಿದ್ದ. ಮರುದಿನ ಮನೆ ಬಿಟ್ಟು ಹೋದವನು ತಿರುಗಿ ಬರಲಿಲ್ಲ.

ಕತ್ತಲಾಗುವ ಮುನ್ನ ಮೆರಾಬು ಲಾಕಪ್ಪಿಗೆ ಜೋಳದ ಗಂಜಿ ತಂದಳು. ಸರಳುಗಳ ನಡುವೆ ಕೈ ಚಾಚಿ ಡೋರಿಕಾಳ ಕೈ ಹಿಡಿದಳು.

“ನಿನ್ನ ಕ್ಷಮಿಸಿದೀನಿ ಕಣೇ. ಬರೋ ಗುರುವಾರ ಕೂಟದಲ್ಲಿ ಎಲ್ಲರ ಎದುರಿಗೂ ಹೇಳ್ತೀನಿ.”

“ದಮ್ಮಯ್ಯ ಅಕ್ಕ,” ಎಂದಳು ಡೋರಿಕಾ, “ಇನ್ನೇನೂ ಹೇಳ್ಬೇಡ.”