ಏಲಿಕುಟ್ಟಿಗೆ ಬಸ್ಸು ಸಿಕ್ಕಿತೇ?

"ಫೋನ್ ಈ ಬುಟ್ಟಿಯಲ್ಲಿ ಹಾಕಿ."

ಅವನು ಹಾಕಿದ.

"ಇನ್ನೊಂದು?"

"ಇರೋದೇ ಒಂದು, ಟೀಚರ್."

ಜಿಷಾ ನಂಬಲಿಲ್ಲ. ಅವನು ತ್ರಿಶೂರಿನ ಬಸ್ಸಿಳಿದು ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದ ಬಾಗಿಲಿಗೆ ಬರುವ ಮುಂಚೆಯೇ ಅವಳ ಮನಸ್ಸಿನಲ್ಲಿ ಅವನು ಕಳ್ಳನಾಗಿದ್ದ. ಆದರೆ ಕಳ್ಳ ಇಷ್ಟು ಸಪ್ಪೆಯಾಗಿ, ತೋಳು ಮಡಚಿದ ನೀಲಿ ಶರಟಿನಲ್ಲಿ ಬರುತ್ತಾನೆಂದು ಅವಳು ಎಣಿಸಿರಲಿಲ್ಲ.

ವಿನೀಷ್. ಇರಿಂಞಾಲಕುಡದ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಡುವವನು. ಈ ಹೆಸರು ಅವಳಿಗೆ ಗೊತ್ತಾದದ್ದು ನಿನ್ನೆ, ವಿಭಾಗ ಅವನನ್ನು ವಿಚಾರಣೆಗೆ ಕರೆಸಿದಾಗ. ಅದುವರೆಗೆ ಅವನು ಅವಳಿಗೆ ಬರೀ 'ಪರಿಶೀಲಕ'. ಆನ್‌ಲೈನ್ ಪರೀಕ್ಷೆಗೆ ಅವಳು ಪ್ರಶ್ನೆ ಬರೆದು ಹಾಕುತ್ತಿದ್ದಳು, ಅವನು ಓದಿ ಪಕ್ಕದಲ್ಲಿ ಟಿಪ್ಪಣಿ ಬರೆಯುತ್ತಿದ್ದ. ಒಬ್ಬರ ಹೆಸರು ಇನ್ನೊಬ್ಬರಿಗೆ ತಿಳಿಯಬಾರದೆಂಬುದು ಅಲ್ಲಿನ ನಿಯಮ.

ಜಿಷಾ ಬರೀ ಲೆಕ್ಕ ಕೊಡುವವಳಲ್ಲ. ಅವಳ ಪ್ರಶ್ನೆಗಳಲ್ಲಿ ಏಲಿಕುಟ್ಟಿ ಎಂಬ ಮೀನು ಮಾರುವ ಹೆಂಗಸಿದ್ದಳು. ಮತ್ತಿ ಮೀನು ಕೆಡುವ ಮೊದಲು ಏಲಿಕುಟ್ಟಿಗೆ ಬಸ್ಸು ಸಿಗುವ ಸಂಭವ ಎಷ್ಟು? ಎರಡು ಬಸ್ಸು ತಪ್ಪಿದರೆ? ಒಮ್ಮೆ ಪರಿಶೀಲಕ ಬರೆದಿದ್ದ: "ಉತ್ತರ ಸರಿ ಇದೆ. ಆದರೆ ಈ ಹೆಂಗಸನ್ನು ಎಷ್ಟು ಹೊತ್ತು ಬಿಸಿಲಲ್ಲಿ ನಿಲ್ಲಿಸುತ್ತೀರಿ?"

ಅದನ್ನು ಓದಿ ಜಿಷಾ ಒಬ್ಬಳೇ ನಕ್ಕಿದ್ದಳು. ಆಮೇಲೆ ಅವನ ಟಿಪ್ಪಣಿಗಾಗಿ ಕಾಯತೊಡಗಿದ್ದಳು. ಈಗ ಆ ನೆನಪೇ ಎದೆ ಉರಿಸುತ್ತಿತ್ತು.

ಮೊನ್ನೆ ಬಸ್ ನಿಲ್ದಾಣದ ಚಹಾ ಅಂಗಡಿಯಲ್ಲಿ ಇಬ್ಬರು ಹುಡುಗಿಯರು ಪಳಂಪೊರಿ ಎಂಬ ಬಾಳೆಹಣ್ಣಿನ ಬಜ್ಜಿ ತಿನ್ನುತ್ತ ಏಲಿಕುಟ್ಟಿಯ ಬಸ್ಸಿನ ಬಗ್ಗೆ ವಾದ ಮಾಡುತ್ತಿದ್ದರು. ಪರೀಕ್ಷೆ ಇನ್ನೂ ಸೋಮವಾರ! ಏಲಿಕುಟ್ಟಿ ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ. ಅವಳನ್ನು ಬಲ್ಲವರು ಇಬ್ಬರೇ. ಹುಡುಗಿಯರ ಕೊರಳಲ್ಲಿ ತೂಗುತ್ತಿದ್ದದ್ದು ಇರಿಂಞಾಲಕುಡದ ಕಾಲೇಜಿನ ಗುರುತಿನ ಚೀಟಿ.

ವಿಭಾಗದ ಮುಖ್ಯಸ್ಥೆ ಕೊಚ್ಚುರಾಣಿ ಟೀಚರ್ ಗಣಕದಲ್ಲಿ ನೋಡಿ ಇನ್ನೊಂದು ವಿಷಯ ಹೇಳಿದ್ದರು. ಪರಿಶೀಲಕ ಎರಡು ಸಲ ತೆರೆದರೆ ಸಾಕಾಗುವ ಪ್ರಶ್ನೆಗಳನ್ನು ಇವನು ಮೂವತ್ತಕ್ಕೂ ಹೆಚ್ಚು ಸಲ ತೆರೆದಿದ್ದ. ಜಿಷಾ ಒಂದು ಮಾತು ಹೇಳಿದರೆ ಸಾಕು, ಅವನು ಇನ್ನೆಂದೂ ಪರೀಕ್ಷೆಯ ಕೆಲಸ ಮುಟ್ಟುವಂತಿರಲಿಲ್ಲ. ಕಾಲೇಜಿನ ಕೆಲಸ ಉಳಿಯುವುದೂ ಕಷ್ಟವೇ.

"ನೋಡಿ ಮುಗಿದ ಪ್ರಶ್ನೆಯನ್ನ ಮತ್ತೆ ಮತ್ತೆ ಯಾಕೆ ತೆರೆದ್ರಿ?" ಜಿಷಾ ಕೇಳಿದಳು.

ಅವನ ಕಿವಿ ಕೆಂಪಾಯಿತು. ಕೊಚ್ಚುರಾಣಿ ಟೀಚರ್ ಕಡೆ ನೋಡಿದ. ನೆಲ ನೋಡಿದ.

"ಇಲ್ಲಿ ಹೇಳೋಕಾಗಲ್ಲ."

ಸಿಕ್ಕಿಬಿದ್ದ... ಜಿಷಾಗೆ ಗೆದ್ದ ಸಂತೋಷವಾಗಬೇಕಿತ್ತು. ಆಗಲಿಲ್ಲ.

"ಹಾಗಾದರೆ ನಾನು ಮೇಲಕ್ಕೆ ಬರೀತೀನಿ, ಮೇಷ್ಟ್ರೇ," ಎಂದರು ಕೊಚ್ಚುರಾಣಿ ಟೀಚರ್.

"ಬರೀರಿ. ಅದಕ್ಕೆ ಮುಂಚೆ ಮಾದರಿ ಪರೀಕ್ಷೆಯನ್ನ ಒಂದು ಸಲ ವಿದ್ಯಾರ್ಥಿ ಥರ ತೆರೆದು ನೋಡಿ."

ಜಿಷಾ ತೆರೆದಳು. ವಿದ್ಯಾರ್ಥಿಗಳ ಕೈ ಪಳಗಲೆಂದು ಕಳೆದ ವಾರ ಅವಳೇ ಬಿಟ್ಟಿದ್ದ ಮಾದರಿ ಪರೀಕ್ಷೆ ಅದು. ಮೊದಲ ಪ್ರಶ್ನೆ ಬಂತು. ಬುಟ್ಟಿ ಹೊತ್ತು ಏಲಿಕುಟ್ಟಿ ನಿಂತಿದ್ದಳು.

ಅವಳು ತಾನು ಮಾಡಿದ್ದ ಜೋಡಣೆಯನ್ನು ತೆರೆದು ನೋಡಿದಳು. ಯಂತ್ರ ಪ್ರಶ್ನೆಗಳ ಕಣಜದಿಂದ ಒಬ್ಬೊಬ್ಬರಿಗೆ ಕೆಲವನ್ನು ಆರಿಸಿಕೊಡುತ್ತದೆ. ಮಾದರಿಗೊಂದು ಕಣಜ, ನಿಜವಾದದ್ದಕ್ಕೊಂದು. ಅವಸರದಲ್ಲಿ ಅವಳು ಎರಡಕ್ಕೂ ಒಂದೇ ಕಣಜ ತೋರಿಸಿದ್ದಳು. ಒಳಗಿನ ಪ್ರಶ್ನೆ ಕದ್ದವರು ಯಾರೂ ಇರಲಿಲ್ಲ. ಬಾಗಿಲು ತೆರೆದಿಟ್ಟವಳು ಅವಳೇ.

"ನಿನ್ನೆ ನಮ್ಮ ಹುಡುಗರು ಏಲಿಕುಟ್ಟಿ ಲೆಕ್ಕ ಹಿಡ್ಕೊಂಡು ನನ್ನ ಹತ್ರ ಬಂದ್ರು," ವಿನೀಷ್ ಹೇಳಿದ. "ಪ್ರಶ್ನೆ ಬರೆದವರೂ ಇರ್ತಾರೆ ಅಂತ ಕರೆದಾಗ ಹೇಳಿದ್ರು. ನಿಮಗೊಬ್ಬರಿಗೇ ಹೇಳೋಣ ಅಂತ ಬಂದೆ. ನೀವು ಬಾಗಿಲಲ್ಲೇ ಪೊಲೀಸಾದ್ರಿ."

ಜಿಷಾ ಎದ್ದು ನಿಂತು, ತಪ್ಪು ತನ್ನದು, ಇವರ ಹೆಸರು ಎಲ್ಲೂ ಬರುವುದು ಬೇಡ ಎಂದಳು. ಕೊಚ್ಚುರಾಣಿ ಟೀಚರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈಗುಳ ಸಾಕಷ್ಟು ಬಿತ್ತು. ನಾಳೆ ಸಂಜೆಯೊಳಗೆ ಹೊಸ ಪ್ರಶ್ನೆಗಳು ಬೇಕು, ಇಲ್ಲವಾದರೆ ಪರೀಕ್ಷೆ ಮುಂದಕ್ಕೆ, ಕಾರಣ ನೀನೇ ಬರೆದುಕೊಡಬೇಕು ಎಂದರು.

"ಕಳ್ಳನ್ನ ಹುಡುಕಿ ಕನ್ನಡಿ ಮುಂದೆ ಬಂದು ನಿಂತೆಯಲ್ಲ, ಮಗಳೇ."

ಹೊರಗೆ ವಿನೀಷ್ ಬುಟ್ಟಿಯಿಂದ ಫೋನ್ ಎತ್ತಿಕೊಂಡ. ಜಿಷಾ ಬಾಗಿಲಲ್ಲೇ ನಿಂತಳು. ಕ್ಷಮಿಸಿ ಅನ್ನಬೇಕು. ಅಂದಳು. ಆದರೆ ಕಾಲು ಕದಲಲಿಲ್ಲ.

"ಇನ್ನೂ ಅನುಮಾನನಾ?" ಅವನು ಕೇಳಿದ.

"ಒಂದು ಉಳಿದಿದೆ. ಅಷ್ಟು ಸಲ ಯಾಕೆ ತೆರೆದ್ರಿ?"

ಅವನು ಫೋನನ್ನು ಜೇಬಿಗೆ ಹಾಕಿ, ಮತ್ತೆ ತೆಗೆದು, ಮತ್ತೆ ಹಾಕಿದ.

"ಕೆಲಸ ಎರಡೇ ಸಲಕ್ಕೆ ಮುಗಿದಿತ್ತು. ಆಮೇಲೆ... ಅವಳನ್ನ ಬರೆದವರು ಹೇಗಿರಬಹುದು ಅಂತ ಓದ್ತಿದ್ದೆ."

ಜಿಷಾ ಅವನ ಮುಖವನ್ನೇ ನೋಡಿದಳು. ಸುಳ್ಳಿಗಾಗಿ ಹುಡುಕಿದಳು. ಸಿಗಲಿಲ್ಲ.

"ನಾನೂ ನಿಮ್ಮ ಟಿಪ್ಪಣಿಗೆ ಕಾಯ್ತಿದ್ದೆ," ಎಂದಳು. "ಕಳ್ಳ ನೀವು ಅಂತ ಅಂದ್ಕೊಂಡಾಗ ಸಿಟ್ಟಿಗಿಂತ ನೋವೇ ಜಾಸ್ತಿ ಆಯ್ತು. ಇನ್ನು ಏಲಿಕುಟ್ಟಿಯನ್ನ ತೆಗೀಬೇಕು. ಎಲ್ಲರಿಗೂ ಗೊತ್ತಾಗಿಬಿಟ್ಟಿದ್ದಾಳೆ."

"ಪರೀಕ್ಷೆಯಿಂದ ತೆಗೀರಿ. ಮುಂದಿನದು ನನಗೊಬ್ಬನಿಗೇ ಬರೀರಿ."

"ಅದೂ ಹೊರಗೆ ಹೋದ್ರೆ?"

"ಓದೋನು ಒಬ್ಬನೇ ಅಲ್ವಾ. ಧೈರ್ಯವಾಗಿ ನನ್ನ ಮೇಲೇ ಅನುಮಾನಪಡಿ."

ಅವಳು ನಕ್ಕಳು. "ಎಷ್ಟು ಸಲ ತೆರೀತೀರಿ?"

"ಈ ಸಲ ಎಣಿಸಬೇಡಿ, ಟೀಚರ್."