ಹೂವಿಲ್ಲದೆ ಇಳಿದ ಹಸುಗಳು

ಕೊಂಡಿ ಹಾಕಿದ್ದೆನೇ?

ಹಾಕಿದ್ದೆ… ಮಳೆ ಶುರುವಾಗಿತ್ತು, ಪ್ರವಾಸಿಗರು ಗಾಡಿಯತ್ತ ಓಡುತ್ತಿದ್ದರು, ಗೇಟು ದಾಟಿ ಕೊನೆಗೆ ಬಂದವಳು ನಾನೇ. ಹಾಕಿಯೇ ಇರುತ್ತೇನೆ. ಈ ಕಣಿವೆಯಲ್ಲಿ ಹುಟ್ಟಿದವಳು ಹಸು ಮೇಯುವಲ್ಲಿ ಗೇಟು ತೆರೆದಿಟ್ಟು ಬರುತ್ತಾಳೆಯೇ?

ಏಳು ವಾರಗಳಿಂದ ಬುರ್ಗಿ ತನಗೆ ತಾನೇ ಹೀಗೆ ಹೇಳಿಕೊಳ್ಳುತ್ತಿದ್ದಳು. ಒಮ್ಮೆಯೂ ನಂಬಿರಲಿಲ್ಲ.

ಈಗ ಸೆಪ್ಟೆಂಬರ್ ಕೊನೆಯ ಶನಿವಾರ. ಅವಳ ಪುಟ್ಟ ಬಸ್ಸಿನಲ್ಲಿ ವಿಯೆನ್ನಾದಿಂದ ಬಂದ ಆರು ಮಂದಿ ಇದ್ದರು. ಬೆಳಿಗ್ಗೆ ಹೊರಟು, ಬೆಟ್ಟ ಸುತ್ತಿಸಿ, ಸಂಜೆಗೆ ವಾಪಸು ತಂದುಬಿಡುವುದು ಅವಳ ಕೆಲಸ. ಲಾರ್ಚ್ ಮರಗಳು ಹಳದಿಯಾಗತೊಡಗಿದ್ದವು. ಶಿಖರಕ್ಕೆ ಹೊಸ ಹಿಮ ಬಿದ್ದಿತ್ತು. ಹದಿನಾಲ್ಕನೆಯ ತಿರುವಿನಲ್ಲಿ ಅವಳು ಬ್ರೇಕ್ ಹಾಕಬೇಕಾಯಿತು.

ಬೇಸಿಗೆಯೆಲ್ಲ ಮೇಲೆ ಮೇಯ್ದ ಹಸುಗಳು ಊರಿಗೆ ಇಳಿಯುತ್ತಿದ್ದವು.

ಪ್ರವಾಸಿಗರು ಕ್ಯಾಮೆರಾ ತೆಗೆದರು. ಒಬ್ಬ ಹೆಂಗಸು, ಹೂವಿನ ಕಿರೀಟ ಎಲ್ಲಿ, ನೀವೇ ಹೇಳಿದ್ದಿರಲ್ಲ ಎಂದು ಕೇಳಿದಳು. ಮೇಲೆ ಒಂದು ಜೀವವೂ ಹೋಗದ ವರ್ಷ ಮಾತ್ರ ಹಸುಗಳಿಗೆ ಹೂವು. ಹೋಗಿದ್ದರೆ ಬೋಳು ತಲೆ, ದೊಡ್ಡ ಗಂಟೆಗಳೂ ಇಲ್ಲ. ನಲವತ್ತು ಹಸುಗಳು ಬರುತ್ತಿದ್ದರೂ ಗೊರಸಿನ ಸದ್ದಷ್ಟೇ ಕೇಳುತ್ತಿತ್ತು.

ಮುಂದೆ ನಡೆಯುತ್ತಿದ್ದವನು ಸೆವೆರಿನ್. ಕಣಿವೆಯ ರೈತರೆಲ್ಲ ಸೇರಿ ನೇಮಿಸಿಕೊಂಡಿದ್ದ ದನಗಾಹಿ.

ಜೂನ್‌ನಲ್ಲಿ ಅವನು ಮೊದಲು ಸಿಕ್ಕಿದ್ದೂ ಇದೇ ರಸ್ತೆಯಲ್ಲೇ. ಕರುವೊಂದು ಬಸ್ಸಿಗೆ ಅಡ್ಡ ಮಲಗಿತ್ತು. ಅವಳು ಹಾರ್ನ್ ಒತ್ತಿದಾಗ ಅವನು ಬಂದು, "ಅದು ಮಲ್ಕೊಂಡಿದೆ. ನಿಂಗೆ ಅವಸರ ಇದ್ರೆ ಎತ್ಕೊಂಡು ಹೋಗಿ ಆಚೆ ಮಲಗ್ಸು," ಎಂದಿದ್ದ. ಆಮೇಲೆ ದಿನವೂ ಅವನ ಗುಡಿಸಲ ಮುಂದೆ ಬಸ್ಸು ನಿಲ್ಲುತ್ತಿತ್ತು. ಪ್ರವಾಸಿಗರಿಗೆ ಮಜ್ಜಿಗೆ. ಅವರಿಬ್ಬರಿಗೆ ಒಂದು ಬೆಂಚು, ಹೆಚ್ಚು ಮಾತಿಲ್ಲ. ಅಷ್ಟು ಹಿತವಾದ ಮೌನ ಅವಳಿಗೆ ಬೇರೆಲ್ಲೂ ಸಿಕ್ಕಿರಲಿಲ್ಲ.

ಆಗಸ್ಟ್‌ನ ಒಂದು ದಿನ ಫೋಟೊಗೆಂದು ಅವಳು ಹುಲ್ಲುಗಾವಲಿನ ಗೇಟು ತೆರೆದಳು. ಅಂದು ಸಂಜೆಯೇ ಗ್ರೆಟಲ್ ಎಂಬ ಹಸು ಆ ಗೇಟು ದಾಟಿ ಹೋಗಿ ಕಂದಕಕ್ಕೆ ಉರುಳಿ ಸತ್ತಿತು. ಸೆವೆರಿನ್ ನಿದ್ದೆ ಹೋಗಿದ್ದನೆಂದು ಕಣಿವೆಯೆಲ್ಲ ಮಾತಾಡಿತು.

ಬುರ್ಗಿ ಮತ್ತೆ ಬಸ್ಸು ನಿಲ್ಲಿಸಲಿಲ್ಲ. ಅವನು ರಸ್ತೆ ಬದಿಗೆ ಬಂದು ಕೈಯೆತ್ತುತ್ತಿದ್ದ. ಪಾಪ, ಏನೂ ಗೊತ್ತಿಲ್ಲ ಇವನಿಗೆ… ಎಂದುಕೊಂಡು ಅವಳು ವೇಗ ಹೆಚ್ಚಿಸುತ್ತಿದ್ದಳು.

ಈಗ ಮಂದೆಯ ಹಿಂದೆ ಗ್ರೆಟಲ್‌ನ ಯಜಮಾನ, ಮುದುಕ ಅಲೋಯಿಸ್ ಬಂದ. ಕೋಲಿನಿಂದ ಸೆವೆರಿನ್‌ನನ್ನು ತೋರಿಸಿ ಪ್ರವಾಸಿಗರಿಗೂ ಕೇಳುವಂತೆ ಹೇಳಿದ:

"ಈ ಮಹಾರಾಯ ನಿದ್ದೆ ಹೊಡೆದ, ನನ್ನ ಗ್ರೆಟಲ್ ಹೋದ್ಲು. ಮುಂದಿನ ವರ್ಷ ಬೇರೆಯವನನ್ನ ನೋಡ್ತೀವಿ."

ಸೆವೆರಿನ್ ತಲೆಯೆತ್ತಲಿಲ್ಲ.

ಬುರ್ಗಿ ಎಂಜಿನ್ ಆರಿಸಿ ಇಳಿದಳು.

"ಅಲೋಯಿಸ್ ಮಾವ… ಗೇಟು ತೆರೆದಿಟ್ಟಿದ್ದು ನಾನು."

ಕ್ಯಾಮೆರಾಗಳು ಕೆಳಗಿಳಿದವು.

ಯಾವಾಗಿನಿಂದ ಗೊತ್ತು ಎಂದು ಮುದುಕ ಕೇಳಿದ. ಹಸು ಸತ್ತ ಮರುದಿನದಿಂದ ಎಂದಳು.

"ಕೊಂಡಿ ಮರೆಯೋದು ಯಾರಿಗಾದ್ರೂ ಆಗುತ್ತಮ್ಮ. ಏಳು ವಾರ ಬಾಯಿ ಮರೆತಿದ್ಯಾ?"

ಅವಳು ಮುಖ ಮುಚ್ಚಿಕೊಳ್ಳಲಿಲ್ಲ. ಮುಚ್ಚಿಕೊಳ್ಳುವ ಹಕ್ಕೂ ತನಗಿಲ್ಲ ಅನ್ನಿಸಿತು. ಅಲೋಯಿಸ್ ಸೆವೆರಿನ್‌ನ ಮುಂದೆ ಟೋಪಿ ತೆಗೆದ, ಸಂಜೆ ಉಳಿದ ರೈತರಿಗೂ ತಾನೇ ಹೇಳುತ್ತೇನೆಂದ. ಅವಳತ್ತ ತಿರುಗದೆ ಮಂದೆಯೊಡನೆ ಇಳಿದು ಹೋದ.

ಸೆವೆರಿನ್ ಮಾತ್ರ ಉಳಿದ.

"ನಂಗೆ ಗೊತ್ತಿತ್ತು," ಎಂದ. "ಮೇಲಿಂದ ನೋಡಿದ್ದೆ, ನೀನು ಓಡೋದು. ಇಳಿದು ಮುಚ್ಚೋಣ ಅಂದ್ಕೊಂಡೆ. ಮಳೆ ನಿಲ್ಲಲಿ ಅಂತ ಕೂತೆ. ಅದು ನನ್ನ ತಪ್ಪು."

ಹಾಗಾದರೆ ದಿನವೂ ಆ ಕೈ ಎಲ್ಲ ತಿಳಿದೇ ಏಳುತ್ತಿತ್ತು…

"ಮತ್ಯಾಕೆ ಯಾರಿಗೂ ಹೇಳ್ಲಿಲ್ಲ?"

"ನೀನು ಬಸ್ಸು ನಿಲ್ಲಿಸ್ಲಿ ಅಂತ ಕಾಯ್ತಿದ್ದೆ."

"ನಿಲ್ಲಿಸದೆ ಹೋಗಿದ್ರೆ?"

"ಊರಿಗೆ ಹೋದ್ಮೇಲೆ ನಿಮ್ಮನೆ ಬಾಗಿಲಿಗೆ ಬರ್ತಿದ್ದೆ. ಬೈಯೋಕಲ್ಲ."

ಅವಳು ಅತ್ತಳು. ಅವನು ಕೈ ಚಾಚಿದ, ಅವಳು ಹಿಡಿದಳು. ಒರಟು ಅಂಗೈ, ಬೆಚ್ಚಗಿತ್ತು.

ಮುಂದಿನ ಮೇ ತಿಂಗಳಲ್ಲಿ ಅವರ ಮದುವೆಯಾಯಿತು. ಅವನು ಅವಳನ್ನು ಪ್ರೀತಿಸಿದ, ಕೊನೆಯವರೆಗೂ ಪ್ರೀತಿಸಿದ. ಕ್ಷಮಿಸಿದ್ದೇನೆ ಎಂದು ಮಾತ್ರ ಅವನು ಎಂದೂ ಹೇಳಲಿಲ್ಲ.