ತಡವರಿಸಿದಾಗಲೆಲ್ಲ

"ಜನ ನಗ್ತಾ ಇದ್ದಾರೆ. ಆ ಬಿಸಿ ಆರೋದ್ರೊಳಗೆ ಬನ್ನಿ," ಎನ್ನುತ್ತಾ ಅವನು ಮೈಕನ್ನು ಅವಳ ಕೈಗಿತ್ತ.

ಬೆರಳಿಗೆ ಬೆರಳು ತಾಗಿತು. ಅವಳ ಎದೆ ಝಲ್ಲೆಂದಿತು... ಹೆದರಿಕೆಗೋ, ಅವನ ನಗುವಿಗೋ?

ಟಿವಿಯ ರಸಪ್ರಶ್ನೆ ಕಾರ್ಯಕ್ರಮದ ನಿರೂಪಕಿಯಾಗಿ ಅವಳಿಗದು ಮೊದಲ ದಿನ. ಅಲ್ಲಿಯವರೆಗೆ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದವಳು. ಹತ್ತು ಕಂತು ನೋಡಿ, ಜನ ಮೆಚ್ಚಿದರೆ ಮಾತ್ರ ಕೆಲಸ ಕಾಯಂ ಎಂದಿದ್ದರು ನಿರ್ಮಾಪಕರು. ಅವನ ಕೆಲಸ, ಚಿತ್ರೀಕರಣಕ್ಕೆ ಮುಂಚೆ ಪ್ರೇಕ್ಷಕರನ್ನು ನಗಿಸಿ ಹುರುಪು ತುಂಬುವುದು. ತೆರೆಯ ಮೇಲೆ ಎಂದೂ ಕಾಣಿಸದ ಅವನನ್ನು ಸ್ಟುಡಿಯೋದವರೆಲ್ಲ 'ಚಪ್ಪಾಳೆ ಮಾಸ್ತರು' ಎನ್ನುತ್ತಿದ್ದರು.

ಪ್ರಶ್ನೆಯ ಚೀಟಿ ಹೇಗೆ ಹಿಡಿಯಬೇಕು, ಸ್ಪರ್ಧಿ ಬೆವರಿದರೆ ಏನು ಮಾತಾಡಿಸಬೇಕು, ಎಲ್ಲವನ್ನೂ ಬಿಡುವಿನಲ್ಲಿ ಅವನೇ ಹೇಳಿಕೊಟ್ಟ. ವಾರ ಕಳೆಯುವಷ್ಟರಲ್ಲಿ, ಸ್ಟುಡಿಯೋ ಹೊಕ್ಕ ಕೂಡಲೇ ಅವಳ ಕಣ್ಣು ಅವನನ್ನು ಹುಡುಕತೊಡಗಿತ್ತು.

ಆದರೆ ಒಂದು ಮಾತ್ರ ಮುಳ್ಳಿನಂತೆ ಚುಚ್ಚುತ್ತಿತ್ತು. ಅವಳು ಮಾತು ಮರೆತು ತಡವರಿಸಿದಾಗಲೆಲ್ಲ ಕ್ಯಾಮೆರಾದ ಪಕ್ಕದಿಂದ ಅವನು ಚಪ್ಪಾಳೆ ಶುರುಮಾಡುತ್ತಿದ್ದ. ಹಿಂದೆಯೇ ಇಡೀ ಸಭೆ!

ನಿರೂಪಕನಾಗಲು ಅವನೂ ಪ್ರಯತ್ನಿಸಿ ಸೋತಿದ್ದನೆಂದು ಮೇಕಪ್ ಅಕ್ಕ ಹೇಳಿದಳು.

'ಓಹೋ... ಹೊಟ್ಟೆಕಿಚ್ಚಾ? ನಾನು ಮೆಚ್ಚಿದವನೇ ಹೀಗೆ ಅಣಕಿಸಬೇಕಾ?'

ಆರನೇ ಕಂತು ಮುಗಿದ ದಿನ, ಈ ಮನುಷ್ಯ ನನ್ನ ಕಾರ್ಯಕ್ರಮಕ್ಕೆ ಬೇಡ ಎಂದು ನಿರ್ಮಾಪಕರಿಗೆ ಹೇಳಿಬಿಟ್ಟಳು. ಅವನು ಅಂದೇ ಚೀಲ ಹೆಗಲಿಗೇರಿಸಿ ಹೊರಟುಹೋದ.

ಏಳನೇ ಕಂತು ಮುಗಿದ ಮರುದಿನ ಸಂಕಲನಕಾರ ಅವಳನ್ನು ಕರೆಸಿ, ಅವಳು ತಡವರಿಸಿದ್ದನ್ನು ಪರದೆಯ ಮೇಲೆ ತೋರಿಸಿದ.

"ಮೇಡಂ, ನೀವು ತಪ್ಪಿದ ಕಡೆಯೆಲ್ಲ ಚಪ್ಪಾಳೆ ಇರ್ತಿತ್ತು. ಅಲ್ಲಿ ಕತ್ತರಿ ಹಾಕಿ, ಚಪ್ಪಾಳೆ ತಟ್ಟೋ ಜನರನ್ನ ತೋರಿಸಿದ್ರೆ ನಿಮ್ಮ ತಪ್ಪು ಯಾರಿಗೂ ಗೊತ್ತಾಗ್ತಿರಲಿಲ್ಲ. ಮಾಸ್ತರು ಅದಕ್ಕೇ ತಟ್ತಾ ಇದ್ರು. ಈಗ ನಾನು ಎಲ್ಲಿ ಕತ್ತರಿಸ್ಲಿ?"

ಅವಳಿಗೆ ಕುಳಿತ ಕುರ್ಚಿಯೇ ಕುಸಿದಂತಾಯಿತು. ಅವನು ತನ್ನನ್ನು ಕಾಪಾಡುತ್ತಿದ್ದ... ತಾನೋ ಅವನ ಅನ್ನಕ್ಕೇ ಕಲ್ಲು ಹಾಕಿದ್ದಳು!

ಮಧ್ಯಾಹ್ನದ ಬಿಸಿಲಿನಲ್ಲಿ, ಹೊಸ ಚಪ್ಪಲಿ ಅಂಗಡಿಯ ಮುಂದೆ ಮೈಕು ಹಿಡಿದು ಗಿರಾಕಿಗಳನ್ನು ಕರೆಯುತ್ತಿದ್ದವನನ್ನು ಹುಡುಕಿಕೊಂಡು ಹೋದಳು. ಜನರ ಎದುರೇ ಕ್ಷಮೆ ಕೇಳಿದಳು. ನಿರ್ಮಾಪಕರಿಗೂ ತಪ್ಪು ತನ್ನದೆಂದು ಹೇಳಿ ಬಂದಿದ್ದಳು. ಅವನು ನಕ್ಕು, ಅಂಗಡಿಯವರಿಗೆ ಸಂಜೆಯವರೆಗೆ ಮಾತು ಕೊಟ್ಟಿದ್ದೇನೆ, ನಾಳೆ ಬರುತ್ತೇನೆ, ನಿಮಗೊಂದು ಮಾತು ಹೇಳುವುದಿದೆ, ಹತ್ತೂ ಕಂತು ಮುಗಿಯಲಿ ಎಂದ.

ಬಂದ. ಉಳಿದ ಮೂರು ಕಂತುಗಳಲ್ಲಿ ಅವಳು ಅರಳಿದಳು. ಕೊನೆಯದರಲ್ಲಂತೂ ಎಲ್ಲೂ ತೊದಲಲಿಲ್ಲ. ನಿರ್ಮಾಪಕರು ಅಂದೇ ಕೆಲಸ ಕಾಯಂ ಮಾಡಿದರು.

ಜನ ಚದುರಿದ ಮೇಲೆ, ಖಾಲಿ ಕುರ್ಚಿಗಳ ನಡುವೆ ಅವನ ಪಕ್ಕ ಕುಳಿತಳು. ಇಷ್ಟು ಚೆನ್ನಾಗಿ ಮಾತಾಡುವವನು ನಿರೂಪಕನಾಗಲಿಲ್ಲವೇಕೆ ಎಂದು ಕೇಳಿದಳು.

"ಮೂರು ಸಲ ಪರೀಕ್ಷೆ ಕೊಟ್ಟೆ. ಕ್ಯಾಮೆರಾದ ಕೆಂಪು ದೀಪ ಹತ್ತಿದ್ರೆ ನಾಲಿಗೆ ಒಣಗಿಹೋಗುತ್ತೆ."

"ಈಗ ದೀಪ ಆರಿದೆ. ನನಗೇನೋ ಹೇಳ್ಬೇಕು ಅಂತಿದ್ರಲ್ಲ, ಹೇಳಿ."

ಅವನು ತಲೆ ಕೆರೆದುಕೊಂಡು ನಕ್ಕ.

"ದೀಪ ಆರಿದ್ರೇನು... ನಾಲಿಗೆ ಒಣಗಿಸೋಕೆ ನೀವಿದ್ದೀರಲ್ಲ."

ಅವಳ ಕೆನ್ನೆ ಕೆಂಪಾಯಿತು.

"ಹಾಗಾದ್ರೆ ನಾನೇ ಹೇಳ್ತೀನಿ. ನನಗೆ ನೀವು ಬೇಕು. ಕಾರ್ಯಕ್ರಮಕ್ಕಲ್ಲ... ಮನೆಗೆ."

"ಮನೇಲಿ ಯಾರ್ಯಾರಿದ್ದಾರೆ?"

"ಅಮ್ಮ ಒಬ್ರೇ. ಮಾತು ಶುರುಮಾಡಿದ್ರೆ ನಿಲ್ಸೋದೇ ಇಲ್ಲ."

"ಅಬ್ಬ, ಬದುಕಿದೆ," ಎಂದು ಅವನು ಅವಳ ಕೈ ಹಿಡಿದುಕೊಂಡ. "ನಾನು ನಿಮ್ಮನ್ನ ನೋಡ್ತಾ ಸುಮ್ನೆ ಕೂತ್ಕೋಬಹುದು."